ಗುರುತು ಪರಿಚಯ

ಕೋಣೆಯ ಜೊತೆಗಾತಿ ಬ್ರಿಜೆಟ್ ತನ್ನ ಕೋಟನ್ನು ಯಾಕೆ ಕೊಟ್ಟಳು ಎಂಬುದು ನೊಯೆಮಿಗೆ ಬೆಳಗಿನಿಂದ ಬಗೆಹರಿದಿರಲಿಲ್ಲ. ತಾನು ಕೇಳಿರಲಿಲ್ಲ, ಬೇಕೆಂಬ ಸೂಚನೆಯನ್ನೂ ಕೊಟ್ಟಿರಲಿಲ್ಲ. ಕನ್ನಡಿಯ ಮುಂದೆ ನಿಂತು ಕಪ್ಪು ಸ್ವೆಟರಿನ ಮೇಲೆ ಎದ್ದಿದ್ದ ನೂಲಿನ ಗಂಟುಗಳನ್ನು ಒಂದೊಂದಾಗಿ ಕಿತ್ತುಹಾಕುತ್ತಿದ್ದಾಗ ಅವಳು ಹಿಂದಿನಿಂದ ಬಂದು, "ಇದು ಹಾಕ್ಕೋ, ನಂಗೆ ತೋಳು ಬಿಗಿಯಾಗುತ್ತೆ," ಎಂದು ಹಾಸಿಗೆಯ ಮೇಲೆ ಎಸೆದು ಹಲ್ಲುಜ್ಜಲು ಹೋಗಿದ್ದಳು. ಬೂದು ಬಣ್ಣದ, ಒಳಗೆ ರೇಷ್ಮೆಯ ಅಸ್ತರಿದ್ದ ಕೋಟು. ತೋಳು ಬಿಗಿಯಾಗುತ್ತದೆ ಎಂಬುದು ಶುದ್ಧ ಸುಳ್ಳು. ಹೋದ ವಾರವಷ್ಟೇ ಅವಳು ಅದನ್ನೇ ಹಾಕಿಕೊಂಡು ಅಪ್ಪನ ಜೊತೆ ಊಟಕ್ಕೆ ಹೋದದ್ದನ್ನು ನೊಯೆಮಿ ಕಣ್ಣಾರೆ ಕಂಡಿದ್ದಳು. ಸುಳ್ಳು ಹೇಳಿ ಕೊಡುವ ವಸ್ತುವಿನ ಹಿಂದೆ ಏನಾದರೂ ಇರಲೇಬೇಕು. ಕನಿಕರವಿರಬಹುದು. ಅಥವಾ ಒಂದೇ ಕೋಣೆಯಲ್ಲಿರುವವಳು ಗಂಟುಗಂಟಾದ ಸ್ವೆಟರಿನಲ್ಲಿ ತನ್ನ ಪಕ್ಕ ನಿಂತರೆ ನಾಲ್ಕು ಜನರೆದುರು ತನಗೇ ಮುಜುಗರ ಎಂಬ ಲೆಕ್ಕಾಚಾರವಿರಬಹುದು. ಹಾಕಿಕೊಂಡರೆ ಸೋತಂತೆ, ಹಾಕಿಕೊಳ್ಳದಿದ್ದರೆ ಕೋಟು ಬೇಡವೆಂದು ಬಿಗುಮಾನ ತೋರಿಸಿದಂತೆ. ಹಾಕಿಕೊಂಡಳು. ಮೈಗೆ ಅಳತೆ ತೆಗೆದು ಹೊಲಿದಂತೆ ಕೂತಿತು. ಅದೂ ಅವಳಿಗೆ ಸರಿಬರಲಿಲ್ಲ.

ಯಾರೂ ಸುಮ್ಮನೆ ಏನನ್ನೂ ಕೊಡುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ತಮ್ಮೂರು ಲೊರೇನಿನ ಆಸ್ಪತ್ರೆಯ ಅಡಿಗೆಮನೆಯಲ್ಲಿ ರೋಗಿಗಳ ತಟ್ಟೆ ತುಂಬಿಸುವ ಕೆಲಸ ಅವಳದು. ಮೇಲ್ವಿಚಾರಕಿ ನಗುನಗುತ್ತ ಬಂದ ದಿನವೆಲ್ಲ ಎರಡನೆಯ ಪಾಳಿ ಕಾದಿರುತ್ತದೆಂದು ಕಲಿತವಳು. ಎಲ್ಡ್ರಿಜ್ ವಿಶ್ವವಿದ್ಯಾಲಯ ಮಗಳನ್ನು ಮೂರನೆಯ ವರ್ಷಕ್ಕೆ ತೆಗೆದುಕೊಂಡಿದೆ ಎಂದು ತಿಳಿದಾಗಲೂ ಒಲೆಯ ಮೇಲಿನ ಅನ್ನ ಕೆದಕುವುದನ್ನು ನಿಲ್ಲಿಸದೆ, "ಅಷ್ಟು ದೊಡ್ಡೋರು ನಿನ್ನ ಕರೀತಿದಾರೆ ಅಂದ್ರೆ ಅವರಿಗೇನೋ ಬೇಕಾಗಿದೆ ಮಗಳೇ. ಏನು ಅಂತ ಕೇಳ್ಕೊಂಡು ಹೋಗು," ಎಂದಿದ್ದಳು. ಆಗ ನೊಯೆಮಿಗೆ ರೇಗಿತ್ತು. ಪಿಟ್ಸ್‌ಬರ್ಗಿಗೆ ಬಂದು ಸೇರಿದ ಮೇಲೆ ಅದೇ ಪ್ರಶ್ನೆ ಅವಳಿಗೇ ಗಂಟುಬಿದ್ದಿತು. ನೂರಾರು ಜನರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುವ ಜಾಗ ತನ್ನನ್ನೇಕೆ ಒಳಗೆ ಬಿಟ್ಟಿತು? ತರಗತಿಯಲ್ಲಿ ಪ್ರೊಫೆಸರರು "ಒಳ್ಳೆ ಪ್ರಶ್ನೆ" ಎಂದರೆ ಬೇರೆಯವರಿಗೂ ಹಾಗೆ ಅನ್ನುತ್ತಾರೆಯೇ ಎಂದು ಕಿವಿಗೊಟ್ಟು ಕೂರುತ್ತಿದ್ದಳು. ಅನ್ನುತ್ತಿದ್ದರು, ಆದರೆ ಅಷ್ಟು ಮೃದುವಾಗಿ ಅಲ್ಲ. ಬೇರೆ ಕಾಲೇಜುಗಳಿಂದ ವರ್ಗವಾಗಿ ಬಂದವರನ್ನು ನೋಡಿಕೊಳ್ಳುವ ಮಿಸೆಸ್ ಹಾಲೊರನ್ ದಾರಿಯಲ್ಲಿ ಸಿಕ್ಕಾಗಲೆಲ್ಲ ಭುಜದ ಮೇಲೆ ಕೈಯಿಟ್ಟು, "ಹೇಗಿದೀಯಮ್ಮ, ಎಲ್ಲ ಸರಿಯಾಗಿದೆಯಾ?" ಎಂದು ಕೇಳುವುದರಲ್ಲಿ, ಎಲ್ಲೋ ಬಿರುಕು ಬಿಡಬಹುದಾದ ಪಾತ್ರೆಯನ್ನು ತಟ್ಟಿ ನೋಡುವ ಭಾವವಿತ್ತು. ಜನವರಿಗೆ ಹೊಸದಾಗಿ ಬರುವವರು ಇವತ್ತು ಮಧ್ಯಾಹ್ನ ಜಾಗ ನೋಡಲು ಬರುತ್ತಾರೆ, ಅವರೆದುರು ಎರಡು ಮಾತಾಡು ಎಂದು ಆಕೆ ಕೇಳಿದಾಗ, ಸರಿ, ಕೊನೆಗೂ ಇವರಿಗೆ ಬೇಕಾದದ್ದು ಇದು, ಮಾದರಿಗೆ ಒಂದು ಮುಖ, ಎಂದುಕೊಂಡು ಒಪ್ಪಿಕೊಂಡಿದ್ದಳು. ಬೆಲೆ ಗೊತ್ತಾದ ಮೇಲೆ ಒಂದು ಬಗೆಯ ನಿರಾಳವಾಗಿತ್ತು.

ವಿದ್ಯಾರ್ಥಿ ಭವನದ ಕಡೆಗೆ ಏರುದಾರಿ ಹತ್ತುವಾಗ ಬ್ರಿಜೆಟ್ ಒಂದೇ ಸಮನೆ ಮಾತಾಡುತ್ತಿದ್ದಳು. ನವೆಂಬರಿನ ಬಿಸಿಲು, ಒಣಗಿದ ಎಲೆ, ಕಾಲಡಿಯಲ್ಲಿ ಚರಪರ. ಇವತ್ತು ಮೇಲಿನ ಸಭಾಂಗಣದಲ್ಲಿ ಕಂಪನಿಗಳವರು ಮೇಜು ಹಾಕಿಕೊಂಡು ಕೂರುತ್ತಾರೆ. ಅಲ್ಲಿ ಮುಖ ತೋರಿಸಿ, ಕೈ ಕುಲುಕಿ, ಸಂದರ್ಶನಕ್ಕೆ ಹೆಸರು ಬರುವಂತೆ ಮಾಡಿಕೊಂಡರೆ ಬೇಸಿಗೆಯ ಕೆಲಸ, ಅದಾದರೆ ಓದು ಮುಗಿದ ಮೇಲಿನ ಕೆಲಸ. ನೊಯೆಮಿ ಎಲ್ಡ್ರಿಜ್‌ಗೆ ಬಂದದ್ದೇ ಇದಕ್ಕೆ. ಮೊದಲೆರಡು ವರ್ಷ ಅವಳು ಓದಿದ, ಊರಿನ ಯಾರಿಗಾದರೂ ಕಡಿಮೆ ಶುಲ್ಕಕ್ಕೆ ಸೀಟು ಕೊಡುವ ಬ್ಲ್ಯಾಕ್ ರಿವರ್ ಕಾಲೇಜಿನಲ್ಲೂ ಇದೇ ಲೆಕ್ಕಪತ್ರ ಶಾಸ್ತ್ರ, ಇದೇ ಪಠ್ಯ, ಬಹುಶಃ ಇನ್ನೂ ಚೆನ್ನಾಗಿ ಕಲಿಸುತ್ತಿದ್ದರು. ಆದರೆ ಅಲ್ಲಿಗೆ ಮೇಜು ಹಾಕಲು ಬರುತ್ತಿದ್ದವರು ಸೈನ್ಯದವರು ಮತ್ತು ಹೆದ್ದಾರಿ ಪಕ್ಕದ ಗೋದಾಮಿನವರು. "ಪೆಲ್ಹ್ಯಾಮ್ ಅಂತ ಒಬ್ರಿದಾರೆ, ಅಪ್ಪಂಗೆ ಗೊತ್ತು. ನಿನ್ನ ಪರಿಚಯ ಮಾಡಿಸ್ತೀನಿ," ಎಂದಳು ಬ್ರಿಜೆಟ್. "ಯಾಕೆ?" ಎಂದು ನೊಯೆಮಿಯ ಬಾಯಿಂದ ಹೊರಟೇಹೋಯಿತು. ಬ್ರಿಜೆಟ್ ನಿಂತು ಅವಳನ್ನು ನೋಡಿದಳು. "ಯಾಕೆ ಅಂದ್ರೆ? ನಿಂಗೆ ಕೆಲ್ಸ ಬೇಡ್ವೇನೇ?"

ಬ್ಲ್ಯಾಕ್ ರಿವರ್‌ನ ಸಹಪಾಠಿ ಕ್ಯಾಲ್ವಿನ್ ಟಕಾಚ್ ಕೂಡ ಒಮ್ಮೆ ಹೀಗೇ ನಿಂತು ನೋಡಿದ್ದ. ಲೊರೇನಿನಲ್ಲಿ, ಸರೋವರದ ಕಟ್ಟೆಯ ಮೇಲೆ, ಸೂರ್ಯಕಾಂತಿ ಬೀಜ ಕಚ್ಚಿ ಸಿಪ್ಪೆಯನ್ನು ಗಾಳಿಗೆ ಉಗಿಯುತ್ತ. ಅವಳಿಗಿಂತ ಆರೇಳು ವರ್ಷಕ್ಕೆ ದೊಡ್ಡವನು, ಕಾರಿನ ಬಿಡಿಭಾಗದ ಅಂಗಡಿ ಬಿಟ್ಟು ಓದಲು ಬಂದವನು. ಕಾಸು ಹಾಕಿ ಬಟ್ಟೆ ಒಗೆದುಕೊಳ್ಳುವ ಯಂತ್ರಗಳ ಅಂಗಡಿಯಲ್ಲಿ ಚಳಿಗಾಲವಿಡೀ ಬೆಚ್ಚಗಿರುತ್ತಿತ್ತೆಂದು ಇಬ್ಬರೂ ಅಲ್ಲೇ ಕೂತು ಓದುತ್ತಿದ್ದರು. ಯಾರಾದರೂ ಬಂದು ಎಬ್ಬಿಸಬಾರದೆಂದು ಕ್ಯಾಲ್ವಿನ್ ಅವೇ ನಾಲ್ಕು ಟವೆಲ್ಲುಗಳನ್ನು ಮತ್ತೆಮತ್ತೆ ಒಣಗಿಸುತ್ತಿದ್ದ. "ನಾವಿಬ್ರೂ ಎಲ್ಡ್ರಿಜ್‌ಗೆ ಅರ್ಜಿ ಹಾಕೋಣ್ವೇನೇ?" ಎಂದು ಅವನೇ ಕೇಳಿದ್ದು. ಅದಕ್ಕೆ ಹಿಂದಿನ ದಿನ ಕಾಲೇಜಿನ ಸಲಹೆಗಾರ್ತಿ ಕಾಫಿ ಹೀರುತ್ತ, ಅವರು ನಮ್ಮ ಕಡೆಯಿಂದ ವರ್ಷಕ್ಕೆ ಒಬ್ಬರನ್ನು ತೆಗೆದುಕೊಂಡರೆ ಹೆಚ್ಚು ಎಂದಿದ್ದಳು. ಯಾರಿಗೆ ಹೇಳಿದ್ದು ಅದು? ನನಗೊಬ್ಬಳಿಗೇ ಯಾಕೆ ಹೇಳಿದಳು? ಇವನಿಗೂ ಹೇಳಿರಬಹುದೇ? ಹೇಳಿದ್ದರಿಂದಲೇ ಇವನು ಈಗ ನನ್ನ ಮನಸ್ಸಿನಲ್ಲಿರುವುದನ್ನು ಹೊರಗೆ ಎಳೆಯಲು ಕೇಳುತ್ತಿರಬಹುದೇ? "ಅವರೆಲ್ಲಿ ನಮ್ಮಂಥೋರನ್ನ ತಗೊತಾರೆ ಕ್ಯಾಲ್," ಎಂದಿದ್ದಳು ನೊಯೆಮಿ, ನೀರನ್ನು ನೋಡುತ್ತ. "ಸುಮ್ನೆ ದಂಡ. ನೀನು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹಾಕು, ಮನೆಗೂ ಹತ್ತಿರ." ಅವನು ಒಂದು ಕ್ಷಣ ನಿಂತು ಅವಳನ್ನು ನೋಡಿ, ನಕ್ಕು, "ಅದೂ ಸರಿಯೇ. ನೀನು ಹೇಳಿದ ಮೇಲೆ ಮುಗೀತು ಬಿಡು," ಎಂದಿದ್ದ. ಅವಳ ಅರ್ಜಿ ಆಗಲೇ ಹೋಗಿಯಾಗಿತ್ತು. ಅವಳಿಗೆ ಸೀಟು ಸಿಕ್ಕಾಗ ಅವನು ಆ ಯಂತ್ರಗಳ ಅಂಗಡಿಗೇ ಕೇಕು ತಂದಿದ್ದ. ಯಂತ್ರದ ಮೇಲಿಟ್ಟು ಕತ್ತರಿಸುವಾಗ, "ಯಾವಾಗ ಹಾಕಿದ್ದೆ?" ಎಂದ. "ಕೊನೇ ಗಳಿಗೇಲಿ." ಅವನು ತಲೆಯಾಡಿಸಿದ. ಆ ತಲೆಯಾಡಿಸಿದ್ದನ್ನು ನೊಯೆಮಿ ಇಂದಿಗೂ ಬಿಚ್ಚಿ ಬಿಚ್ಚಿ ನೋಡುತ್ತಿದ್ದಳು. ನಂಬಿದವನು ಹಾಗೆ ತಲೆಯಾಡಿಸುತ್ತಾನೆಯೇ? ನಂಬದವನು ಕೇಕು ತರುತ್ತಾನೆಯೇ?

ಸಭಾಂಗಣದ ಬಾಗಿಲಲ್ಲಿ ಪೆಲ್ಹ್ಯಾಮ್ ತಾವೇ ಸಿಕ್ಕಿದರು. ಎತ್ತರದ, ಕಿವಿಯ ಹತ್ತಿರ ನರೆತ ಮನುಷ್ಯ, ಕೈಯಲ್ಲಿ ಕಾಗದದ ಲೋಟ. ಬ್ರಿಜೆಟ್ ಅಪ್ಪನ ಗಾಲ್ಫಿನ ಸುದ್ದಿ ಹೇಳಿ ನಗಿಸಿ, "ಇವಳು ನೊಯೆಮಿ ಆರ್ಸ್. ನಮ್ಮ ತರಗತೀಲಿ ಎಲ್ಲರಿಗಿಂತ ಜಾಣೆ," ಎಂದಳು. ಜಾಣೆ ಎಂದಾಗ ಅವಳ ದನಿಯಲ್ಲಿ ಅಣಕವಿತ್ತೇ ಎಂದು ನೊಯೆಮಿ ಹುಡುಕುತ್ತಿರುವಾಗಲೇ ಪೆಲ್ಹ್ಯಾಮ್, "ಮೊದಲಿನಿಂದ ಇಲ್ಲೇ ಓದಿದ್ದಾ?" ಎಂದು ಕೇಳಿದರು. "ಇಲ್ಲ, ಮೊದಲೆರಡು ವರ್ಷ ಸರೋವರದ ದಂಡೇಲಿ ಒಂದು ಕಾಲೇಜಲ್ಲಿದ್ದೆ." ಸೆಪ್ಟೆಂಬರಿನಿಂದ ಉಜ್ಜಿ ಉಜ್ಜಿ ನುಣುಪು ಮಾಡಿಟ್ಟುಕೊಂಡ ವಾಕ್ಯ ಅದು; ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ಅವರು ಆ ಕಡೆ ಶ್ರೀಮಂತರ ಮಕ್ಕಳು ಓದುವ ಹೆಸರಾಂತ ಕಾಲೇಜೊಂದರ ಹೆಸರು ಹೇಳಿ, "ಅದಾ?" ಎಂದರು. "ಅದರ ಹತ್ತಿರ," ಎಂದಳು. ಅದೂ ನಿಜವೇ. ಪೆಲ್ಹ್ಯಾಮ್ ಮೆಚ್ಚಿಗೆಯಿಂದ ತಲೆದೂಗಿದರು.

"ನೊಯೆಮಿ."

ಆ ದನಿ ಮೆಟ್ಟಿಲ ಕಡೆಯಿಂದ ಬಂತು. ತಿರುಗುವ ಮೊದಲೇ ಗೊತ್ತಾಗಿತ್ತು. ಕ್ಯಾಲ್ವಿನ್ ಮೆಟ್ಟಿಲ ಬಾಯಲ್ಲಿ ನಿಂತಿದ್ದ; ಅವನ ಕಂದು ಜಾಕೆಟ್ಟಿನ ಎದೆಯ ಮೇಲೆ ಹಳದಿ ದಾರದಲ್ಲಿ ಬ್ಲ್ಯಾಕ್ ರಿವರ್ ಕಮ್ಯುನಿಟಿ ಕಾಲೇಜು ಎಂದು ದಪ್ಪಕ್ಷರದ ಕಸೂತಿ. ಒಳಗೆ ಹೋಗುವವರ ಗುರುತಿನ ಚೀಟಿ ನೋಡುತ್ತಿದ್ದ ಕಾವಲಿನವನು ಅವನ ಮುಂದೆ ಕೈ ಅಡ್ಡ ಹಿಡಿದಿದ್ದ. "ಒಳಗೆ ಹೋಗಲ್ಲ ಸಾರ್, ಅವಳನ್ನ ಮಾತಾಡಿಸಿ ಹೋಗ್ತೀನಿ. ನಮ್ಮೂರವಳು," ಎನ್ನುತ್ತಿದ್ದ ಕ್ಯಾಲ್ವಿನ್, ಮುಖ ತುಂಬ ನಗುತ್ತ. ಕಾವಲಿನವನು ತಿರುಗಿ, "ಮಿಸ್, ಇವರು ನಿಮಗೆ ಗೊತ್ತಾ?" ಎಂದು ಕೇಳಿದ.

ಆಗ ಅವಳ ತಲೆಯಲ್ಲಿ ಹಾದದ್ದು ಅಷ್ಟಿಷ್ಟಲ್ಲ. ಇವನು ಯಾಕೆ ಬಂದ, ಇವತ್ತೇ ಯಾಕೆ ಬಂದ, ಇಷ್ಟು ದೂರ ಬಸ್ಸು ಹತ್ತಿ, ನಾನು ಇಲ್ಲಿ ಈ ಹೊತ್ತಿಗೆ ಇರುತ್ತೇನೆಂದು ಇವನಿಗೆ ಹೇಳಿದವರು ಯಾರು. ಕಟ್ಟೆಯ ಮೇಲಿನ ಮಾತನ್ನು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡು, ಹತ್ತು ಜನರ ನಡುವೆ ಕಕ್ಕಲು ಬಂದಿದ್ದಾನೆ. ಆ ನಗು ಅದಕ್ಕೇ. ಪೆಲ್ಹ್ಯಾಮರ ಕಣ್ಣು ಆಗಲೇ ಹಳದಿ ಅಕ್ಷರಗಳ ಮೇಲಿತ್ತೋ ಅಥವಾ ಸುಮ್ಮನೆ ಗೋಡೆಯ ಮೇಲಿತ್ತೋ. ಬ್ರಿಜೆಟ್ ಕುತೂಹಲದಿಂದ ನೋಡುತ್ತಿದ್ದಳು, ಮತ್ತು ನೊಯೆಮಿಗೆ ಕೋಟಿನ ರೇಷ್ಮೆಯ ಅಸ್ತರು ಬೆನ್ನಿಗೆ ತಣ್ಣಗೆ ಅಂಟಿಕೊಂಡದ್ದು ತಿಳಿಯಿತು. "ಇಲ್ಲ," ಎಂದಳು. ಅಷ್ಟಕ್ಕೇ ನಿಲ್ಲಬಹುದಿತ್ತು. "ಬೇರೆ ಯಾರೋ ಅಂದ್ಕೊಂಡಿರಬೇಕು," ಎಂದೂ ಸೇರಿಸಿದಳು.

ಕ್ಯಾಲ್ವಿನ್‌ನ ನಗು ಕೂಡಲೇ ಆರಲಿಲ್ಲ. ಯಾರೋ ತಮಾಷೆ ಮಾಡುತ್ತಿದ್ದಾರೆಂದು ಮುಂದಿನ ಮಾತಿಗೆ ಕಾಯುವವನ ಹಾಗೆ ಸ್ವಲ್ಪ ಹೊತ್ತು ಉಳಿದುಕೊಂಡಿತು. ಆಮೇಲೆ ಅವನು ಅವಳ ಕೋಟನ್ನು ನೋಡಿದ, ಪೆಲ್ಹ್ಯಾಮರ ಬೂಟನ್ನು ನೋಡಿದ, ತನ್ನ ಎದೆಯ ಮೇಲಿನ ಅಕ್ಷರಗಳನ್ನು ಕೈಯಿಂದ ಒಮ್ಮೆ ಸವರಿಕೊಂಡ. "ಹೌದು ಸಾರ್, ನಂದೇ ತಪ್ಪು," ಎಂದು ಕಾವಲಿನವನಿಗೆ ಹೇಳಿ ಮೆಟ್ಟಿಲಿಳಿದು ಹೋದ. ಕಾವಲಿನವನು, "ಇಂಥೋರು ಒಬ್ಬರಲ್ಲ ಒಬ್ಬರು ಬರ್ತಾನೇ ಇರ್ತಾರೆ," ಎಂದು ಎಲ್ಲರ ಪರವಾಗಿ ಕ್ಷಮೆ ಕೇಳುವಂತೆ ಗೊಣಗಿದ.

ಒಳಗೆ ಎಲ್ಲ ಸಲೀಸಾಗಿ ಆಯಿತು. ಪೆಲ್ಹ್ಯಾಮ್ ತಮ್ಮ ಮೇಜಿನ ಹಿಂದೆ ಕೂತು ಅವಳ ಅಂಕಗಳ ಹಾಳೆಯನ್ನು ಬಿಡಿಸಿದರು, ಅದರಲ್ಲಿ ಬ್ಲ್ಯಾಕ್ ರಿವರ್ ಎಂದು ತಲೆಬರಹದಲ್ಲೇ ಇತ್ತು. ಅವರು ಅದನ್ನು ಓದಿ, "ಓ, ಇದಾ? ನಮ್ಮಲ್ಲಿ ಇಬ್ರು ಅಲ್ಲಿಂದ ಬಂದೋರೇ ಇದಾರೆ. ಒಳ್ಳೆ ಕೆಲಸಗಾರರು," ಎಂದು ಪುಟ ಮಗುಚಿ, ಸಂದರ್ಶನಕ್ಕೆ ಮಂಗಳವಾರ ಬರುತ್ತೀಯಾ ಎಂದು ಕೇಳಿದರು. ಬರುತ್ತೇನೆ ಎಂದಳು. ಇವರು ನಿಜ ಹೇಳುತ್ತಿದ್ದಾರೆಯೇ? ಬಾಗಿಲಲ್ಲಿ ನಡೆದದ್ದನ್ನು ಪೂರ್ತಿ ಅರ್ಥ ಮಾಡಿಕೊಂಡು, ಹೀಗೆ ಮೆತ್ತಗೆ ಚಿವುಟಿದರೇ? ಅವರ ಮುಖದಲ್ಲಿ ಏನೂ ಇರಲಿಲ್ಲ. ಆಗಲೇ ಅವಳ ಭುಜದ ಮೇಲಿಂದ ಮುಂದಿನವನಿಗೆ ನಗುತ್ತಿದ್ದರು. ಬ್ರಿಜೆಟ್ ಓಡಿಬಂದು, "ಸಿಕ್ತಾ? ನಾನು ಹೇಳ್ಲಿಲ್ವಾ?" ಎಂದು ತೋಳು ಹಿಡಿದು ಅಲ್ಲಾಡಿಸಿದಳು. ಅವಳ ಸಂತೋಷದ ಸಂದುಗೊಂದುಗಳಲ್ಲಿ ನೊಯೆಮಿ ಎಷ್ಟು ಹುಡುಕಿದರೂ ಸಂತೋಷವಲ್ಲದೆ ಬೇರೇನೂ ಸಿಗಲಿಲ್ಲ. ಅದು ಅವಳನ್ನು ಇನ್ನಷ್ಟು ಕುಗ್ಗಿಸಿತು. "ಯಾರದು, ಬಾಗಿಲಲ್ಲಿ?" ಎಂದು ಬ್ರಿಜೆಟ್ ಕೇಳಿದಳು. "ಗೊತ್ತಿಲ್ಲ ಅಂದೆನಲ್ಲ." "ಪಾಪ, ನಿನ್ನ ಹೆಸರು ಸರಿಯಾಗೇ ಕರೆದ," ಎಂದಳು ಬ್ರಿಜೆಟ್.

ಮಿಸೆಸ್ ಹಾಲೊರನ್‌ಗೆ ಕೊಟ್ಟ ಮಾತು ನೊಯೆಮಿಗೆ ನೆನಪಾದಾಗ ಆಗಲೇ ಹೊತ್ತಾಗಿತ್ತು. ಕೆಳಗಿನ ಅಂತಸ್ತಿನ ಕೋಣೆ, ಅರ್ಧಚಂದ್ರಾಕಾರಕ್ಕೆ ಹಾಕಿದ ಕುರ್ಚಿಗಳು, ಬಿಸ್ಕತ್ತಿನ ತಟ್ಟೆ, ಸೇಬಿನ ರಸ. ಜನವರಿಗೆ ಬರುವವರು ಕೂತಿದ್ದರು: ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಹೆಂಗಸು, ಸೈನ್ಯದಿಂದ ಬಂದಂತೆ ಕೂದಲು ಕತ್ತರಿಸಿಕೊಂಡ ಇಬ್ಬರು, ಸೂಟು ಹಾಕಿಕೊಂಡು ಬೆವರುತ್ತಿದ್ದ ಒಬ್ಬ. ಮುಂದಿನ ಸಾಲಿನ ಕೊನೆಯಲ್ಲಿ ಕ್ಯಾಲ್ವಿನ್. ಜಾಕೆಟ್ಟನ್ನು ಬಿಚ್ಚಿ, ಒಳಗಿನ ಬಟ್ಟೆ ಹೊರಗೆ ಕಾಣುವಂತೆ ಮಡಚಿ ಮಡಿಲಲ್ಲಿ ಇಟ್ಟುಕೊಂಡಿದ್ದ. ಅಂಗಿಯ ಮೇಲೆ ಅಂಟಿಸಿದ್ದ ಬಿಳಿ ಚೀಟಿಯಲ್ಲಿ ಅವನ ಹೆಸರಿತ್ತು, ಹೆಸರಿನ ಕೆಳಗೆ ಎಲ್ಡ್ರಿಜ್ ವಿಶ್ವವಿದ್ಯಾಲಯ ಎಂದಿತ್ತು. ಆ ಚೀಟಿ ಬಾಗಿಲಲ್ಲೂ ಅವನ ಎದೆಯ ಮೇಲೇ ಇದ್ದಿರಬೇಕು, ಜಾಕೆಟ್ಟಿನ ಅಡಿಯಲ್ಲಿ. ಅವಳಿಗೆ ಈ ಸುದ್ದಿ ಹೇಳಲೆಂದೇ ಮೆಟ್ಟಿಲು ಹತ್ತಿ ಬಂದಿದ್ದ.

"ಬಾ ಬಾ, ನಮ್ಮ ನೊಯೆಮಿ," ಎಂದರು ಮಿಸೆಸ್ ಹಾಲೊರನ್. ಅವಳು ನಿಂತಳು. ತಯಾರಿ ಮಾಡಿಕೊಂಡ ಮಾತುಗಳಿದ್ದವು. ಹೆದರಬೇಡಿ, ನಾನೂ ನಿಮ್ಮ ಹಾಗೇ ಬಂದೆ, ಇಲ್ಲಿ ಯಾರೂ ನಿಮ್ಮನ್ನು ಕೀಳಾಗಿ ನೋಡುವುದಿಲ್ಲ, ಒಬ್ಬರಿಗೊಬ್ಬರು ಆಸರೆಯಾಗಿ ಇದ್ದರೆ ಆಯಿತು. ಬಾಯಿ ಅವನ್ನು ಒಂದೊಂದಾಗಿ ಹೇಳುತ್ತ ಹೋಯಿತು. ಕಿವಿ ಅವನ್ನು ಒಂದೊಂದಾಗಿ ಕೇಳಿಸಿಕೊಂಡಿತು. ಕ್ಯಾಲ್ವಿನ್ ಎಲ್ಲರಂತೆ ತಲೆಯಾಡಿಸುತ್ತ, ತುಂಬ ಗಮನವಿಟ್ಟು ಕೇಳುತ್ತಿದ್ದ. ಏನಾದರೂ ಪ್ರಶ್ನೆಗಳಿವೆಯೇ ಎಂದು ಮಿಸೆಸ್ ಹಾಲೊರನ್ ಕೇಳಿದಾಗ ಕೈ ಎತ್ತಿದವನು ಅವನೊಬ್ಬನೇ.

"ಮಿಸ್, ನೀವು ಮೊದಲು ಯಾವ ಕಾಲೇಜಲ್ಲಿ ಓದಿದ್ದು?"

ನೀವು ಎಂದ. ಅವನ ಬಾಯಲ್ಲಿ ಆ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. ಮಗು ಬಿಸ್ಕತ್ತು ಮುರಿಯುವ ಸದ್ದು ಕೇಳಿಸಿತು. "ಬ್ಲ್ಯಾಕ್ ರಿವರ್," ಎಂದಳು. "ಲೊರೇನಿನಲ್ಲಿರೋ ಕಮ್ಯುನಿಟಿ ಕಾಲೇಜು." ಎಲ್ಡ್ರಿಜ್‌ಗೆ ಬಂದ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಹೌದಾ? ನಾನೂ ಅಲ್ಲಿಂದಲೇ."

ಮಿಸೆಸ್ ಹಾಲೊರನ್ ಎರಡೂ ಕೈ ಜೋಡಿಸಿ, "ಅಯ್ಯೋ, ನೋಡಿ ಮತ್ತೆ. ಹಾಗಾದ್ರೆ ನಿಮ್ಮಿಬ್ಬರಿಗೂ ಪರಿಚಯ ಇರಲೇಬೇಕು," ಎಂದರು. ನೊಯೆಮಿ ಬಾಯಿ ತೆರೆದಳು. ಈಗ ಹೇಳಬಹುದು, ಈಗಲೂ ಹೇಳಬಹುದು. ಅಷ್ಟರಲ್ಲಿ ಕ್ಯಾಲ್ವಿನ್ ಸಮಾಧಾನದ ದನಿಯಲ್ಲಿ, "ಇಲ್ಲ ಮೇಡಂ, ದೊಡ್ಡ ಕಾಲೇಜದು. ಎಲ್ಲರ ಗುರುತೂ ಎಲ್ಲರಿಗೂ ಇರಲ್ಲ," ಎಂದ. ಅವಳನ್ನು ಕಾಪಾಡಿದನೋ ಕೊಂದನೋ ತಿಳಿಯಲಿಲ್ಲ. ಅವನ ಮುಖದಲ್ಲಿ ಅದನ್ನು ಓದಲು ನೋಡಿದಳು. ಅವನು ಬಗ್ಗಿ, ಮಗು ಕೆಳಗೆ ಬೀಳಿಸಿದ ಬಿಸ್ಕತ್ತಿನ ತುಂಡನ್ನು ಎತ್ತಿಕೊಡುತ್ತಿದ್ದ.

ಹೊರಗೆ, ಭವನದ ಮುಂದಿನ ಬಯಲಿನಲ್ಲಿ ಅವನನ್ನು ಹಿಡಿದಳು. ಓಡಿದ್ದರಿಂದ ಮಾತು ತುಂಡುತುಂಡಾಗಿ ಬಂತು. "ಕ್ಯಾಲ್. ನಿಲ್ಲು. ನಾನು ಅಲ್ಲಿ, ಆ ಕಂಪನಿಯೋರ ಮುಂದೆ..." ಅವನು ನಿಂತ. ಜಾಕೆಟ್ಟನ್ನು ಹಾಕಿಕೊಂಡಿರಲಿಲ್ಲ, ಚಳಿಗೆ ತೋಳಿನ ಮೇಲೆ ರೋಮ ನಿಂತಿತ್ತು. "ಹೋಗ್ಲಿ ಬಿಡಿ," ಎಂದ. "ಕೆಲಸ ಸಿಕ್ತಾ?"

"ಮಂಗಳವಾರ ಸಂದರ್ಶನ."

"ಒಳ್ಳೇದಾಯ್ತು." ನಿಜವಾಗಿಯೂ ಒಳ್ಳೆಯದಾಯಿತೆಂದೇ ಅವನು ಹೇಳಿದ ಹಾಗಿತ್ತು.

"ನನ್ನ ನೀವು ಅನ್ನಬೇಡ ಕಣೋ."

ಅವಳು ನಿಲ್ಲಿಸಲಾರದೆ ಮುಂದುವರಿದಳು. ಮೊದಲ ಅವಧಿಯಲ್ಲಿ ತೆರಿಗೆಯ ವಿಷಯ ತೆಗೆದುಕೊಳ್ಳಬೇಡ, ಕಲಿಸುವಾತ ಸರಿಯಿಲ್ಲ, ಲೆಕ್ಕಪರಿಶೋಧನೆ ತೆಗೆದುಕೋ, ಇರಲು ಕೋಣೆಯನ್ನು ಬೆಟ್ಟದ ಕೆಳಗೆ ಹುಡುಕು, ಮೇಲೆ ಬರೀ ತಣ್ಣೀರು ಬರುತ್ತದೆ, ನನ್ನ ಹಳೆಯ ಪುಸ್ತಕಗಳಿವೆ, ಎಲ್ಲವನ್ನೂ ಕೊಡುತ್ತೇನೆ. ಎಲ್ಲವೂ ನಿಜವಾಗಿತ್ತು. ಇಷ್ಟು ನಿಜವನ್ನು ಒಂದೇ ಉಸಿರಿಗೆ ಅವಳು ಯಾರಿಗೂ ಹೇಳಿರಲಿಲ್ಲ. ಕ್ಯಾಲ್ವಿನ್ ಒಂದೊಂದಕ್ಕೂ, "ಹೂಂ," "ಹೌದಾ," ಎನ್ನುತ್ತ ಕೇಳಿಸಿಕೊಂಡ. ಕೇಳಿಸಿಕೊಳ್ಳುವಾಗ ಅವನ ಹುಬ್ಬಿನ ನಡುವೆ ಒಂದು ಸಣ್ಣ ಗೆರೆ ಮೂಡಿತ್ತು. ಆ ಗೆರೆಯನ್ನು ಅವಳು ಬೇರೆಲ್ಲೋ ಕಂಡಿದ್ದಳು. ಎಲ್ಲಿ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಬೆಳಿಗ್ಗೆ, ಕೋಟು ಹಾಕಿಕೊಳ್ಳುವಾಗ, ಕನ್ನಡಿಯಲ್ಲಿ.

"ಊರಿಗೆ ಹೋಗೋ ಬಸ್ಸು ಹಿಡೀಬೇಕು. ಬಸ್ ನಿಲ್ದಾಣಕ್ಕೆ ಇಲ್ಲಿಂದ ಹೇಗೆ?" ಎಂದು ಅವನು ಕೊನೆಗೆ ಕೇಳಿದ.

"ರಸ್ತೆ ದಾಟಿ ಎದುರುಗಡೆ ನಿಂತ್ಕೋ. ಈ ಕಡೆ ನಿಂತ್ರೆ ಬೆಟ್ಟದ ಮೇಲಕ್ಕೆ ಕರ್ಕೊಂಡ್ ಹೋಗುತ್ತೆ. ಎದುರುಗಡೆ ಬರೋ ಯಾವ ಬಸ್ಸಾದ್ರೂ ಸರಿ."

"ಎದುರುಗಡೆ," ಎಂದ ಅವನು.

"ಹೂಂ. ಎದುರುಗಡೆ."

"ಸರಿ ಹಾಗಾದ್ರೆ. ಬರ್ತೀನಿ ಮಿಸ್." ಕೈ ಎತ್ತಿ, ಹೊರಟ. ನೊಯೆಮಿ ಬಯಲಿನ ಅಂಚಿನಲ್ಲಿ ನಿಂತು ನೋಡುತ್ತಿದ್ದಳು. ರಸ್ತೆಯ ಅಂಚಿಗೆ ಹೋಗಿ ಅವನು ದಾಟಲಿಲ್ಲ. ಅತ್ತ ನೋಡಿದ, ಇತ್ತ ನೋಡಿದ. ಈ ಬದಿಯ ತಂಗುದಾಣದಲ್ಲಿ ತರಕಾರಿ ಚೀಲ ಕಾಲ ಬಳಿ ಇಟ್ಟುಕೊಂಡು ಒಬ್ಬಳು ಮುದುಕಿ ಕೂತಿದ್ದಳು. ಕ್ಯಾಲ್ವಿನ್ ಅವಳ ಹತ್ತಿರ ಹೋಗಿ ಬಗ್ಗಿ ಏನೋ ಕೇಳಿದ. ಮುದುಕಿ ಕೈಗವಸು ತೊಟ್ಟ ಕೈಯನ್ನು ಎತ್ತಿ ರಸ್ತೆಯ ಎದುರುಗಡೆಗೆ ತೋರಿಸಿದಳು. ಅವನು ಇನ್ನೊಮ್ಮೆ ಕೇಳಿದ. ಅವಳು ಇನ್ನೊಮ್ಮೆ ತೋರಿಸಿದಳು. ಆಮೇಲೆ ಅವನು ತಲೆಯಾಡಿಸಿ, ಕಾರುಗಳು ಹೋಗುವ ತನಕ ಕಾದು, ರಸ್ತೆ ದಾಟಿದ.